ಕಲಬುರಗಿಯಿಂದ ಕಡಲಿಗೆ: 11,000 ರೂಪಾಯಿಯ ಗಾಳ 3,250ಕ್ಕೆ ಇಳಿದ ಕಥೆ

ಸಮುದ್ರವೇ ಇಲ್ಲದ ಊರಿನವರಿಗೆ ಸಮುದ್ರದಲ್ಲಿ ಗಾಳ ಹಾಕೋ ಹುಚ್ಚು ಹಿಡಿದರೆ ಏನಾಗುತ್ತೆ? ಮೊದಲ ಸಲ ಜೇಬು ಖಾಲಿಯಾಗುತ್ತೆ. ಎರಡನೇ ಸಲ ಹಾಗಾಗದಂತೆ ನಾವು ಏನು ಮಾಡಿದೆವು ಅನ್ನೋದರ ಪೂರ್ತಿ ಲೆಕ್ಕ ಇಲ್ಲಿದೆ.

ನಮ್ಮ ಮನೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹತ್ತಿರ. ಆಫೀಸಿಂದ ಬಂದು ಚಹಾ ಕುಡಿದು ಅಪ್ಪನ ಕೆರೆಯ ದಂಡೆಗೆ ಒಂದು ಸುತ್ತು ಹೋಗಿ ಬರೋದು ನಮ್ಮ ರೂಢಿ. ನಾನು, ನಮ್ಮನೆಯವರು, ನಾದಿನಿ, ನನ್ನ ತಮ್ಮ. ನಾಲ್ವರೂ ಕೆಲಸಕ್ಕೆ ಹೋಗೋರು, ನಾಲ್ವರ ಫೋನಿನಲ್ಲೂ ಮೀನು ಹಿಡಿಯೋ ರೀಲ್ಸ್ ಓಡ್ತಾನೇ ಇರುತ್ತೆ. ಮಲ್ಪೆ, ಕಾರವಾರ, ಗೋವಾ. ಯಾರೋ ಬೋಟಿನ ತುದಿಯಲ್ಲಿ ನಿಂತು ಕೈಯಷ್ಟುದ್ದದ ಮೀನು ಎತ್ತಿ ತೋರಿಸ್ತಿರ್ತಾರೆ. "ನಾವೂ ಒಮ್ಮೆ ಹೋಗೂಣು" ಅಂತ ತಮ್ಮ ಅಂದಿದ್ದೇ ತಡ, ನಾಲ್ವರೂ ಹೂಂ ಅಂದೆವು.

ಹೋಗಿದ್ದು 2024ರ ಮೇ ಕೊನೆಯ ವಾರ. ಬಂದ ಮೇಲೆ ಲೆಕ್ಕ ಹಾಕಿ ನೋಡಿದಾಗ ನಾಲ್ವರಿಗೂ ಮಾತೇ ಹೊರಡಲಿಲ್ಲ.

ಮೂರು ಮೀನಿಗೆ 44,000

ಕಲಬುರಗಿಯಿಂದ ಕಾರವಾರ ಅಂದ್ರೆ ವಿಜಯಪುರ, ಹುಬ್ಬಳ್ಳಿ ಮೇಲೆ ಹೆಚ್ಚೂಕಡಿಮೆ 500 ಕಿಲೋಮೀಟರ್. ಬಾಡಿಗೆ ಕಾರು ಮಾಡಿದೆವು. ಅಲ್ಲಿನ ಓಡಾಟವೂ ಸೇರಿ 1,100 ಕಿಲೋಮೀಟರ್, ಕಿಲೋಮೀಟರಿಗೆ 13 ರೂಪಾಯಿ. ಡ್ರೈವರ್ ಭತ್ಯೆ, ಟೋಲ್ ಸೇರಿ ಕಾರಿಗೇ 16,600. ಎರಡು ರೂಮು, ಎರಡು ರಾತ್ರಿ, 7,200. ಹೊಸ ರಾಡು-ರೀಲು ನಾಲ್ಕು ಸೆಟ್, 8,400. ಬೋಟು ಎರಡೂವರೆ ತಾಸಿಗೆ 6,000. ಊಟ-ತಿಂಡಿ 5,800. ಒಟ್ಟು 44,000. ತಲೆಗೆ 11,000.

ಸಿಕ್ಕಿದ್ದು ಅಂಗೈಯಷ್ಟಗಲದ ಮೂರು ಮೀನು. ಅದರಲ್ಲಿ ಎರಡನ್ನು ಹಿಡಿದಿದ್ದು ಬೋಟಿನವನು.

ಉಳಿದ ಹೊತ್ತಲ್ಲಿ ನಾದಿನಿ ವಾಂತಿ ಮಾಡ್ತಿದ್ದಳು, ತಮ್ಮ ಬೋಟಿನ ಅಂಚು ಗಟ್ಟಿಯಾಗಿ ಹಿಡಕೊಂಡು ಕೂತಿದ್ದ. ನನ್ನ ಗಾಳ ಎರಡು ಸಲ ಕಲ್ಲಿಗೆ ಸಿಕ್ಕಿ ಕಿತ್ತುಹೋಯ್ತು. ಫೋನಿನಲ್ಲಿ ಅಡ್ವಾನ್ಸ್ ಹಾಕಿಸಿಕೊಂಡಾಗ "ಬೆಳಿಗ್ಗೆ ಆರಕ್ಕೆ" ಅಂದಿದ್ದವರು ಬೋಟು ಬಿಟ್ಟಿದ್ದು ಹತ್ತೂವರೆಗೆ, ನೆತ್ತಿ ಸುಡೋ ಬಿಸಿಲಲ್ಲಿ. ಎರೆ ಅಂತ ಕೊಟ್ಟಿದ್ದು ಹಿಂದಿನ ದಿನದ ಮೆತ್ತಗಾದ ಸಿಗಡಿ. ಕೇಳೋಣ ಅಂದ್ರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ.

ನಮ್ಮಿಬ್ಬರ ಪಾಲು, ಜೊತೆಗೆ ತಮ್ಮ-ನಾದಿನಿಯ ಪಾಲೂ ಆಗ ಕ್ರೆಡಿಟ್ ಕಾರ್ಡಿನ ಮೇಲೇ ಹೋಗಿತ್ತು. ಅವರಿಬ್ಬರೂ ಕಂತಿನಲ್ಲಿ ಕೊಡ್ತೀವಿ ಅಂದಿದ್ರು, ಕೊಟ್ಟರೂ ಕೂಡ. ಆದರೆ ಆ ತಿಂಗಳು ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಮಾಡಿಸೋದಿತ್ತು. ಕೈಯಲ್ಲಿ ರೊಕ್ಕ ಇಲ್ಲದೆ ಎರಡು ತಿಂಗಳು ಮುಂದಕ್ಕೆ ಹೋಯ್ತು. ಅತ್ತೆ ಬೈಯಲಿಲ್ಲ. "ಮೀನ್ ಬೇಕಿದ್ರ ಮಾರ್ಕೆಟಿನ್ಯಾಗ ಸಿಗ್ತಿದ್ವಲ್ಲವ್ವಾ" ಅಂದ್ರು, ಅಷ್ಟೇ. ಆ ಎರಡು ತಿಂಗಳು ಅವರು ಮೆಟ್ಟಿಲು ತಡವರಿಸಿಕೊಂಡು ಇಳಿಯೋದನ್ನ ನೋಡಿದಾಗೆಲ್ಲ ನನಗೆ ಆ ಬೋಟು ನೆನಪಾಗ್ತಿತ್ತು.

ಜಾತ್ರೆಗೆ ಬಂದ ಮಾವ

ನನ್ನ ತವರು ಅಂಬಿಗರ ಮನೆ. ಅಜ್ಜ ಭೀಮಾ ನದಿ ದಂಡೆಯಲ್ಲಿ ಬಲೆ ಬೀಸಿದವರು, ಹರಿಗೋಲು ಹಾಕಿದವರು. ಸೋದರಮಾವ ಈಗಲೂ ಅಫಜಲಪುರ ತಾಲೂಕಿನ ಹಳ್ಳಿಯಲ್ಲಿದ್ದಾರೆ. ಹೋಳಿ ಹುಣ್ಣಿಮೆ ಆದಮೇಲೆ ಬರೋ ಶರಣಬಸವೇಶ್ವರ ಜಾತ್ರೆಗೆ ತಪ್ಪದೆ ಬರ್ತಾರೆ. 2025ರಲ್ಲೂ ಬಂದರು. ತೇರು ಎಳೆದದ್ದಾಯ್ತು, ದಾಸೋಹದಲ್ಲಿ ಪ್ರಸಾದ ಆಯ್ತು, ಕೆರೆ ದಂಡೆಗೆ ಬಂದು ಕೂತೆವು. ತಮ್ಮ ಕಾರವಾರದ ಕಥೆ ಎಲ್ಲ ಹೇಳಿದ.

ಮಾವ ನಗಲಿಲ್ಲ. ಕೆರೆ ಕಡೆ ಕೈ ಮಾಡಿ ಕೇಳಿದರು: "ಅಲ್ಲಿ ನೀರ್ ಮ್ಯಾಲ ಗುಳ್ಳಿ ಏಳಾಕತ್ಯಾವ ನೋಡು. ಅದು ಯಾವ ಮೀನು ಹೇಳು?"

ನಾಲ್ವರೂ ಮುಖ ಮುಖ ನೋಡಿಕೊಂಡೆವು.

"ತಳದಾಗ ಕೆಸರು ಕೆದರಿ ಮೇಯೂ ಮೀನು ಅದು. ಕೆರ್ಯಾಗಿನ ಮೀನೇ ಗೊತ್ತಿಲ್ಲ, ನೀವು ಸಮುದ್ರಕ್ಕ ಹೋಗಿ ಬಂದ್ರಿ. ಬೋಟಿನವಗ ಕೊಟ್ಟಿದ್ದು ಬಾಡಿಗಿ ಅಲ್ಲ ತಮ್ಮಾ, ಸಾಲಿ ಫೀಜು. ಕಲಸೂ ಮಾಸ್ತರ ಇಲ್ಲದ ಸಾಲಿ."

ದೇವಸ್ಥಾನದ ಎದುರಿನ ಆ ಕೆರೆಗೆ ಗಾಳ ಹಾಕೋ ಮಾತು ನಮ್ಮ ಮನಸ್ಸಿಗೂ ಬರಲ್ಲ, ಮಾವನ ಮನಸ್ಸಿಗೂ ಬರಲ್ಲ. ಅಲ್ಲಿ ನಾವು ಕಲಿತದ್ದು ನೋಡೋದನ್ನ ಮಾತ್ರ. ಹಿಡಿಯೋದನ್ನ ಕಲಿಯೋಕೆ ಕಮಲಾಪುರದ ಕಡೆ ಹೋಗ್ರಿ ಅಂದರು ಮಾವ.

ಮನೆ ಹತ್ತಿರದ ಸಾಲಿ: ಗಂಡೋರಿ ನಾಲಾ

ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಆ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಅದೇ ತಾಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯ. ಭಾನುವಾರ ಬೆಳಿಗ್ಗೆ ಐದಕ್ಕೆ ಎರಡು ಬೈಕಿನಲ್ಲಿ ಹೊರಟರೆ ಬಿಸಿಲು ಏರೋದರೊಳಗೆ ನಾಲ್ಕು ತಾಸು ನೀರಿನ ಹತ್ತಿರ ಕೂರಬಹುದು. ಇಬ್ಬಿಬ್ಬರು ಒಂದೊಂದು ಬೈಕು, ಪೆಟ್ರೋಲು ನಾಲ್ವರಿಗೂ ಸೇರಿ 350-400 ರೂಪಾಯಿ. ಬುತ್ತಿ ಮನೆಯದು. ವಾಪಸ್ ಬರುವಾಗ ಒಂದು ಡಜನ್ ಕೆಂಪು ಬಾಳೆ.

ಮೊದಲನೇ ಭಾನುವಾರವೇ ಒಂದು ಪಾಠ ಆಯ್ತು. ನಾವು ಕೂತು ಗಾಳ ಬಿಡೋದರಲ್ಲಿ ಹರಿಗೋಲಿನಲ್ಲಿ ಒಬ್ಬರು ದಂಡೆಗೆ ಬಂದರು. ಐವತ್ತರ ಆಚೀಚಿನ ವಯಸ್ಸು.

"ಯಾರನ್ನ ಕೇಳಿ ಕುಂತೀರಿ?"

ನಮ್ಮನೆಯವರು "ಸುಮ್ನೆ ಹವ್ಯಾಸಕ್ಕ ರೀ ಅಣ್ಣಾರ" ಅಂದ್ರು.

"ನಿಮಗ ಹವ್ಯಾಸ, ನಮಗ ಹೊಟ್ಟಿ. ಇಲ್ಲಿ ಮೀನ್ ಹಿಡ್ಯೂ ಹಕ್ಕಿಗೆ ರೊಕ್ಕ ಕಟ್ಟೇವಿ. ಮರಿ ತಂದು ಬಿಟ್ಟವರೂ ನಾವಾ."

ಅವರ ಮಾತು ಸರಿ. ಹೆಚ್ಚಿನ ಜಲಾಶಯ, ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯೋ ಹಕ್ಕನ್ನು ಮೀನುಗಾರಿಕೆ ಇಲಾಖೆ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತೆ, ಇಲ್ಲವೇ ಪರವಾನಗಿ ಮೇಲೆ ಬಿಟ್ಟಿರುತ್ತೆ. ಅಲ್ಲಿರೋ ಕಾಟ್ಲಾ, ರೋಹು, ಮೃಗಾಲ ಬಹುಪಾಲು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿಗಳೇ. ನಾವು ಒಂದು ಗಾಳ ಹಾಕಿ ಎರಡು ಕಾಟ್ಲಾ ತಗೊಂಡು ಹೋದರೆ ಅದು ಅವರ ಹೊಲದ ತೊಗರಿ ಕಿತ್ತುಕೊಂಡು ಹೋದ ಹಾಗೆ.

ಗಾಳ ಸುತ್ತಿಟ್ಟು ಅವರನ್ನೇ ಕೇಳಿದೆವು, ಏನು ಮಾಡಬೇಕು ಅಂತ. ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳ್ರಿ ಅಂದರು. ಕೇಳಿದೆವು. ಆಮೇಲೆ ಅವರ ಜೊತೆಗೇ ಮಾತು ಕುದುರಿತು: ಹೋದಾಗೆಲ್ಲ ಮೊದಲೇ ಫೋನ್ ಮಾಡೋದು, ಅವರು ಬಲೆ ಬಿಟ್ಟ ಕಡೆ ಹೋಗದಿರೋದು, ದೊಡ್ಡ ಮೀನು ಬಿದ್ದರೆ ಅವರ ದರಕ್ಕೆ ತೂಕ ಹಾಕಿಸಿ ರೊಕ್ಕ ಕೊಡೋದು, ಸಣ್ಣವನ್ನ ನೀರಿಗೇ ಬಿಡೋದು. ಒಂದು ಭಾನುವಾರ ನೂರೋ ಇನ್ನೂರೋ ಕೊಟ್ಟಿರಬಹುದು. ಬದಲಿಗೆ ಸಿಕ್ಕಿದ್ದು ನಮ್ಮ ಮಾಸ್ತರು.

ಅಗ್ಗದ ಸಾಮಾನು, ಗಟ್ಟಿ ಕಲಿಕೆ

ನಮ್ಮ 8,400 ರೂಪಾಯಿಯ ರಾಡು-ರೀಲು ನೋಡಿ ಅವರು ಹೇಳಿದ್ದು ಒಂದೇ ಮಾತು: "ಇದು ಕಡೀಕ್ ಕಲೀರಿ." ಮೊದಲ ತಿಂಗಳು ಬಿದಿರು ಕೋಲು, ನೈಲಾನ್ ದಾರ, ನವಿಲುಗರಿಯ ಬೆಂಡು, ಚಿಟಿಕೆಯಷ್ಟು ಸೀಸದ ಗುಂಡು, ಸಣ್ಣ ಕೊಂಡಿ. ಒಬ್ಬರಿಗೆ ನೂರು ರೂಪಾಯಿ ಒಳಗೆ.

ಎರೆ ಅಂತೂ ಪುಕ್ಕಟೆ. ಹಿತ್ತಲಿನ ಎರೆಹುಳು, ಚಪಾತಿ ಕಣಕಕ್ಕೆ ಚೂರು ಅರಿಶಿನ ಹಾಕಿ ಗಟ್ಟಿ ನಾದಿದ ಉಂಡೆ. ಕಾಟ್ಲಾ, ರೋಹುವಿಗೆ ಶೇಂಗಾ ಹಿಂಡಿ. ರೊಟ್ಟಿ ಜೊತೆ ತಿನ್ನೋ ಹಿಂಡಿ ಅಲ್ಲ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ದನಕ್ಕೆ ಹಾಕೋದು, ಅದು. ನಾದಿನಿ ಮೊದಲ ದಿನ ಊಟದ ಡಬ್ಬಿಯ ಹಿಂಡಿಯನ್ನೇ ನೀರಿಗೆ ಹಾಕಿ ಬೈಸಿಕೊಂಡಳು.

ಆರೇಳು ಭಾನುವಾರಗಳಲ್ಲಿ ಗಂಡೋರಿಯಲ್ಲಿ ಕಲಿತದ್ದನ್ನ ಪಟ್ಟಿ ಮಾಡಿದರೆ ಇಷ್ಟು:

• ನೀರು ಎಲ್ಲ ಕಡೆ ಒಂದೇ ಅಲ್ಲ. ಹಳ್ಳ ಬಂದು ಸೇರೋ ಬಾಯಿ, ಮುಳುಗಿದ ಗಿಡದ ನೆರಳು, ಆಳ ಶುರುವಾಗೋ ಅಂಚು. ಮೀನು ಇರೋದು ಇಂಥ ಕಡೆ.

• ಕೊಂಡಿ ಸಣ್ಣದಿರಲಿ. ದೊಡ್ಡ ಮೀನಿನ ಆಸೆಗೆ ದೊಡ್ಡ ಕೊಂಡಿ ಹಾಕಿದರೆ ಸಣ್ಣದೂ ಬೀಳಲ್ಲ, ದೊಡ್ಡದೂ ಬೀಳಲ್ಲ. ಕಾರವಾರದಲ್ಲಿ ನಾವು ಮಾಡಿದ್ದು ಇದೇ ತಪ್ಪು.

• ಹೊತ್ತು ಮುಖ್ಯ. ಬೆಳಗಿನ ಮೊದಲ ಎರಡು ತಾಸು, ಸಂಜೆಯ ಕೊನೆಯ ಎರಡು ತಾಸು. ನಡುವೆ ಕೂತರೆ ಬಿಸಿಲು ಮಾತ್ರ ಸಿಗುತ್ತೆ.

• ಗಂಟು ಕಟ್ಟೋದು ಕೈಗೆ ಬರಬೇಕು. ಕತ್ತಲಲ್ಲೂ ಕಟ್ಟುವಷ್ಟು. ಬೋಟಿನಲ್ಲಿ ಪ್ರತಿ ಗಂಟಿಗೂ ಬೋಟಿನವರನ್ನ ಕರೆದರೆ ಬಾಡಿಗೆಯ ಅರ್ಧ ಹೊತ್ತು ಅದರಲ್ಲೇ ಹೋಗುತ್ತೆ.

ಮೇ ಮೊದಲ ವಾರ ನನ್ನ ಬಿದಿರು ಕೋಲಿಗೆ ಮುಕ್ಕಾಲು ಕೇಜಿಯ ರೋಹು ಬಿತ್ತು. ಅವರ ಕೈಗೆ ರೊಕ್ಕ ಕೊಟ್ಟು, ಮೀನು ಮನೆಗೆ ತಂದೆ. ಅತ್ತೆಗೆ ಆಗಲೇ ಕಣ್ಣಿನ ಆಪರೇಷನ್ ಆಗಿತ್ತು. ಚಾಕು ತಗೊಂಡು ತಾವೇ ಹೊಪ್ಪಳೆ ತೆಗೆದರು. "ಮುಳ್ಳೆಲ್ಲ ಕಾಣ್ತಾವ ಈಗ" ಅಂದ್ರು. ನನಗೆ ಅವತ್ತು ಊಟ ಸರಿಯಾಗಿ ಸೇರಿತು.

ಒಂದು ಎಚ್ಚರಿಕೆ, ದಯವಿಟ್ಟು ಓದಿ

ಹತ್ತಿರದ ನೀರು ಅಂದ ಮಾತ್ರಕ್ಕೆ ಸುರಕ್ಷಿತ ನೀರು ಅಲ್ಲ. ಜಲಾಶಯದ ದಂಡೆಯಲ್ಲಿ ಒಣಗಿದಂತೆ ಕಾಣೋ ಕೆಸರು ಮೊಣಕಾಲವರೆಗೆ ಎಳೆಯುತ್ತೆ. ಭೀಮಾ ನದಿಯಲ್ಲಿ ಮರಳು ತೆಗೆದ ಗುಂಡಿಗಳು ಎಷ್ಟು ಆಳ ಅಂತ ಹೇಳೋಕೆ ಬರಲ್ಲ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನ ನಮ್ಮ ಜಿಲ್ಲೆಯವರು ಮರೆತಿಲ್ಲ. ಏಪ್ರಿಲ್-ಮೇ ಸಂಜೆ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಬಯಲು ಬಿಟ್ಟು ಎದ್ದುಬಿಡಿ. ಈಜು ಬಂದರೂ ಬರದಿದ್ದರೂ ನೀರಿಗೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ.

ಮಳೆಗಾಲ ಶುರುವಾದಾಗ ನಮ್ಮ ಮಾಸ್ತರು "ಈಗ ಮೀನು ತತ್ತಿ ಇಡೂ ಹೊತ್ತು, ಬರಬ್ಯಾಡ್ರಿ" ಅಂದರು. ಗಾಳಗಳನ್ನ ಅಟ್ಟಕ್ಕೆ ಹಾಕಿ, ಕಾರವಾರಕ್ಕೆ ಮತ್ತೆ ಹೋಗೋ ಲೆಕ್ಕ ಶುರುಮಾಡಿದೆವು.

ಯಾವಾಗ ಹೋಗಬೇಕು? ಕ್ಯಾಲೆಂಡರ್ ಹೇಳುತ್ತೆ

ಹೋಗೋ ದಿನ ಆರಿಸೋದರಲ್ಲೇ ಅರ್ಧ ಉಳಿತಾಯ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಕಾಲ, ಸಮುದ್ರವೂ ಒರಟು. ಆ ಹೊತ್ತಿಗೆ ಘಟ್ಟದ ರಸ್ತೆಯೂ ನಂಬುವಂತಿರಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನೆನಪಿರಬಹುದು. ನಾವು ಆ ದಾರಿಯಲ್ಲಿ ಹೋಗಿ ಬಂದು ಎರಡು ತಿಂಗಳೂ ಆಗಿರಲಿಲ್ಲ.

ಆಗಸ್ಟಿನಲ್ಲಿ ಶ್ರಾವಣ, ನಮ್ಮ ಮನೆಯಲ್ಲಿ ಮೀನೇ ಇಲ್ಲ. ಆಮೇಲೆ ಗಣೇಶ ಚೌತಿ, ದಸರಾ, ದೀಪಾವಳಿ, ರೂಮುಗಳ ದರ ಗಗನಕ್ಕೆ. ಡಿಸೆಂಬರ್ ಕೊನೆ, ಹೊಸ ವರ್ಷ ಕೇಳೋದೇ ಬೇಡ. ನಡುವೆ ಉಳಿಯೋದು ನವೆಂಬರ್ ಮತ್ತು ಡಿಸೆಂಬರ್ ಮೊದಲ ಎರಡು ವಾರ, ಮತ್ತೆ ಜನವರಿ ಕೊನೆಯಿಂದ ಫೆಬ್ರವರಿ. ಸಮುದ್ರ ಶಾಂತ, ಬಿಸಿಲು ಸಹಿಸುವಂತಿರುತ್ತೆ, ಜನ ಕಡಿಮೆ. ಶನಿವಾರ-ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ರೂಮಿನವರೇ ದರ ಇಳಿಸ್ತಾರೆ. ಮೂರು ರಜೆ ಹೋಗುತ್ತೆ, ನಿಜ. ಅದಕ್ಕೇ ವರ್ಷಕ್ಕೆ ಒಮ್ಮೆ ಮಾತ್ರ.

ಇನ್ನು ತಿಥಿ. ಗೋಡೆ ಮೇಲಿನ ಕ್ಯಾಲೆಂಡರನ್ನ ಅತ್ತೆ ಏಕಾದಶಿ ನೋಡೋಕೆ ಬಳಸ್ತಾರೆ, ನಾವು ಸಮುದ್ರ ನೋಡೋಕೆ ಬಳಸಿದೆವು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ-ಇಳಿತ ಎರಡೂ ಜೋರು, ನೀರಿನ ಸೆಳೆತವೂ ಜೋರು. ಅಷ್ಟಮಿ ಹತ್ತಿರ ಅದು ಸೌಮ್ಯ. ನಾವು ಮೊದಲ ಸಲ ಹೋಗಿದ್ದು ಬುದ್ಧ ಪೂರ್ಣಿಮೆಯ ಮರುದಿನ! ಹೊಸಬರಿಗೆ ಅಷ್ಟಮಿಯ ನೀರೇ ಒಳ್ಳೇದು, ಗುಂಡು ತಳದಲ್ಲಿ ನಿಲ್ಲುತ್ತೆ, ಹೊಟ್ಟೆಯೂ ನಿಲ್ಲುತ್ತೆ. ಭರತ ದಿನಕ್ಕೆ ಎರಡು ಸಲ ಬರುತ್ತೆ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ಇಷ್ಟು ಗೊತ್ತಿದ್ದರೆ ಬೋಟಿನವರನ್ನ "ಎಷ್ಟಕ್ಕೆ ಬಿಡ್ತೀರಿ" ಅಂತ ಕೇಳೋ ಬದಲು "ಇಷ್ಟಕ್ಕೆ ಬಿಡ್ತೀರಾ" ಅಂತ ಕೇಳಬಹುದು.

ಅಲೆ, ಗಾಳಿಯ ಮುನ್ಸೂಚನೆ ಪುಕ್ಕಟೆ ಸಿಗುತ್ತೆ. ಇನ್‌ಕಾಯ್ಸ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ಮೀನುಗಾರರಿಗಾಗಿಯೇ ಅದನ್ನ ಕೊಡುತ್ತೆ, ಫೋನಿನಲ್ಲಿ ನೋಡಬಹುದು. ಆ ಸಂಸ್ಥೆ ಇರೋದು ಹೈದರಾಬಾದಿನಲ್ಲಿ. ಸಮುದ್ರದ ಸುದ್ದಿ ಹೇಳೋರೂ ನಮ್ಮ ಹಾಗೆ ಸಮುದ್ರ ಇಲ್ಲದ ಊರಿನವರೇ ಅಂತ ತಮ್ಮನಿಗೆ ಭಾರಿ ಖುಷಿ.

ಕೆಂಪು ಬಸ್ಸಿನಲ್ಲಿ ಕಡಲಿಗೆ

2025ರ ನವೆಂಬರ್, ಕಾರ್ತಿಕ ಸೋಮವಾರ. ಸಂಜೆ ಶರಣಬಸವೇಶ್ವರರ ದರ್ಶನ ಮಾಡಿ, ರಾತ್ರಿ ಹುಬ್ಬಳ್ಳಿ ಬಸ್ ಹತ್ತಿದೆವು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಮುಖ ತೊಳೆದು ಕಾರವಾರದ ಬಸ್. ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ.

ಕಾರಿನಷ್ಟು ಆರಾಮ ಇಲ್ಲ, ಸುಳ್ಳು ಹೇಳಲ್ಲ. ಬೆನ್ನು ಹಿಡೀತು. ಆದರೆ ನನಗೂ ನಾದಿನಿಗೂ ಟಿಕೆಟ್ ಸೊನ್ನೆ. 2023ರ ಜೂನ್ 11ರಿಂದ ಜಾರಿಯಲ್ಲಿರೋ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗೆ ಹೋದರೂ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಗುರುತಿನ ಚೀಟಿ ಇಟ್ಟುಕೊಂಡಿರಿ. ಗಂಡಸರಿಬ್ಬರ ಹೋಗಿ-ಬರೋ ಟಿಕೆಟ್ ಸೇರಿ 2,800 ಆಯ್ತು. ರಾಡುಗಳನ್ನ ಮಡಚಿ ಹಳೆ ಸೀರೆಯಲ್ಲಿ ಸುತ್ತಿ ಕಟ್ಟಿದ್ದೆ. "ಏನ್ ಕೊಳಲೇನ್ರೀ?" ಅಂತ ಕಂಡಕ್ಟರ್ ಕೇಳಿದರು.

ಬೋಟು ಇಲ್ಲದೆ ಹನ್ನೊಂದು ಕಾಣೆ

ಮೊದಲ ಸಲ ನಮ್ಮ ದೊಡ್ಡ ತಪ್ಪು ಅಂದ್ರೆ ಸಮುದ್ರದ ಮೀನಿಗೆ ಬೋಟು ಬೇಕೇ ಬೇಕು ಅಂದುಕೊಂಡಿದ್ದು. ಗಂಡೋರಿಯಲ್ಲಿ "ಹಳ್ಳ ಬಂದು ಸೇರೋ ಬಾಯಿ ನೋಡು" ಅಂದಿದ್ದರಲ್ಲ, ಕಾರವಾರದಲ್ಲಿ ಅಂಥ ಬಾಯಿ ಅಂದ್ರೆ ಕಾಳಿ ನದಿ ಸಮುದ್ರ ಸೇರೋ ಅಳಿವೆ. ಹೊನ್ನಾವರದಲ್ಲಿ ಶರಾವತಿ, ಗೋಕರ್ಣದ ಹತ್ತಿರ ಅಘನಾಶಿನಿ. ಸಿಹಿನೀರು-ಉಪ್ಪುನೀರು ಕೂಡೋ ಕಡೆ ಮೀನು ತಾನಾಗಿ ದಂಡೆ ಹತ್ತಿರ ಬರುತ್ತೆ.

ಮಂಗಳವಾರ ಸಂಜೆ ಮರಳ ದಂಡೆಯಲ್ಲಿ ಕೂತೆವು. ಬೆಳಿಗ್ಗೆ ಹಿಡಿದ ಸಿಗಡಿಯನ್ನ ಮಾರ್ಕೆಟಿನಲ್ಲಿ ಕಾಲು ಕೇಜಿ ಕೊಂಡು, ಸಿಪ್ಪೆ ತೆಗೆದು ಉಗುರಿನಷ್ಟು ಚೂರು ಮಾಡಿ, ಅದೇ ಗಂಡೋರಿಯ ಸಣ್ಣ ಕೊಂಡಿಗೆ ಸಿಕ್ಕಿಸಿದೆ. ಕತ್ತಲಾಗೋದರೊಳಗೆ ನಾಲ್ವರಿಗೂ ಸೇರಿ ಹನ್ನೊಂದು ಕಾಣೆ. ಮರಳು ತಳದಲ್ಲಿ ಮೇಯೋ ಮೀನು ಅದು, ಬಾಯಿ ಚಿಕ್ಕದು. ದೊಡ್ಡ ಕೊಂಡಿಗೆ ಯಾವತ್ತೂ ಬೀಳ್ತಿರಲಿಲ್ಲ. ಅಲ್ಲಿನವರು ನೊಗಲಿ ಅಂತಾರೆ. ಕರಾವಳಿಯ ಹೋಟೆಲುಗಳಲ್ಲಿ ಕಾಣೆ ಫ್ರೈ ಏನು ರೇಟು ಅಂತ ಗೊತ್ತಿದ್ದವರಿಗೆ ನಮ್ಮ ಸಂಭ್ರಮ ಅರ್ಥವಾದೀತು. ಉಳಕೊಂಡ ಮನೆಯವರಿಗೆ ನಾಲ್ಕು ಕೊಟ್ಟೆವು, ಅವರೇ ರವೆ ಹಚ್ಚಿ ಹುರಿದು ಕೊಟ್ಟರು.

ಬುಧವಾರ, ಅಷ್ಟಮಿ. ಬೋಟಿಗೂ ಹೋದೆವು, ಆದರೆ ಈ ಸಲ ಬೇರೆ ಥರ. ಹಿಂದಿನ ಸಂಜೆಯೇ ದಂಡೆಗೆ ಹೋಗಿ ಬೋಟು ಕಣ್ಣಾರೆ ನೋಡಿ, ಇನ್ನೊಂದು ಗುಂಪಿನ ಜೊತೆ ಹಂಚಿಕೊಂಡು, ತಲೆಗೆ 500ಕ್ಕೆ ಮಾತಾಡಿದೆವು. ಎಷ್ಟಕ್ಕೆ ಬಿಡೋದು, ಎಷ್ಟು ತಾಸು, ಎರೆ ಯಾರದು, ಲೈಫ್ ಜಾಕೆಟ್ ಎಷ್ಟು ಇದೆ, ಗಾಳಿ ಎದ್ದು ವಾಪಸಾದರೆ ರೊಕ್ಕ ಎಷ್ಟು, ಎಲ್ಲ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅವರ ಕಡೆಯಿಂದ "ಸರಿ" ಅಂತ ತರಿಸಿಕೊಂಡೆವು. ಅಡ್ವಾನ್ಸ್ ಇನ್ನೂರು ಮಾತ್ರ. ಬೆಳಿಗ್ಗೆ ಆರೂಕಾಲಿಗೆ ಬೋಟು ಹೊರಟಿತ್ತು. ಹೊಟ್ಟೆಯಲ್ಲಿ ಎರಡು ಇಡ್ಲಿ, ಚೂರು ಶುಂಠಿ. ನಾದಿನಿ ಈ ಸಲ ವಾಂತಿ ಮಾಡಲಿಲ್ಲ. ತಮ್ಮನಿಗೆ ಒಂದೂವರೆ ಕೇಜಿಯ ಕೆಂಬೇರಿ ಬಿತ್ತು. ಬೋಟಿನ ಅಣ್ಣ "ಎಲ್ಲಿ ಕಲಿತದ್ದು?" ಅಂತ ಕೇಳಿದಾಗ ತಮ್ಮ ಎದೆ ಉಬ್ಬಿಸಿ ಹೇಳಿದ: "ಕಮಲಾಪುರದಾಗ."

ಪಾಪ, ಅವರಿಗೆ ಅದು ಯಾವ ಬಂದರು ಅಂತ ತಿಳೀಲಿಲ್ಲ.

ಲೆಕ್ಕ ಇಲ್ಲಿದೆ

ನಾಲ್ವರಿಗೆ ಒಟ್ಟು:

• ಬಸ್ಸು: 2,800 (ಮೊದಲ ಸಲ ಕಾರಿಗೆ 16,600)
• ರೂಮು: ಒಂದೇ ದೊಡ್ಡ ಕೋಣೆ, ಎರಡು ರಾತ್ರಿ, 4,400 (ಮೊದಲ ಸಲ 7,200)
• ಬೋಟು: 2,000 (ಮೊದಲ ಸಲ 6,000)
• ಕೊಂಡಿ, ಗುಂಡು, ದಾರ, ಸಿಗಡಿ: 600 (ಮೊದಲ ಸಲ ರಾಡು-ರೀಲಿಗೆ 8,400)
• ಊಟ: 2,600 (ಮೊದಲ ಸಲ 5,800)
• ಊರೊಳಗಿನ ಆಟೊ, ಬಸ್ಸು: 600

ಒಟ್ಟು 13,000. ತಲೆಗೆ 3,250.

ರಾಡು-ರೀಲು ಹಳೆಯವೇ ಇದ್ದವಲ್ಲ ಅಂತ ನೀವು ಕೇಳಬಹುದು. ಸರಿ, ಮೊದಲ ಸಲದ ಲೆಕ್ಕದಿಂದ ಅದನ್ನ ತೆಗೆದು ಹಾಕಿದರೂ ಅವತ್ತು ತಲೆಗೆ 8,900 ಆಗಿತ್ತು. ಗಂಡೋರಿಯ ಭಾನುವಾರಗಳ ಖರ್ಚು ತಲೆಗೆ ಸಾವಿರದ ಹತ್ತಿರ ಬಂತು, ಅದನ್ನ ಇದಕ್ಕೆ ಸೇರಿಸಿದರೂ ಅರ್ಧ ಉಳೀತು.

ಊಟದಲ್ಲಿ ಉಳಿದಿದ್ದು ಅತ್ತೆಯ ಬುತ್ತಿಯಿಂದ. ಕಟಕ ಜೋಳದ ರೊಟ್ಟಿ ಇಪ್ಪತ್ತು, ಶೇಂಗಾ ಹಿಂಡಿ (ತಿನ್ನೋದು!), ಕೆಂಪು ಚಟ್ನಿ. ಕಟಕ ರೊಟ್ಟಿ ಮೂರು ದಿನಕ್ಕೂ ಏನೂ ಆಗಲ್ಲ. ಮೀನು ಸಾರಿನ ಜೊತೆ ಅದು ಹೊಂದುತ್ತಾ ಅಂತ ಕೇಳಬೇಡಿ, ಒಮ್ಮೆ ಮುರಿದು ಹಾಕಿ ನೋಡಿ.

ಈ ಸಲ ಕಾರ್ಡ್ ಮುಟ್ಟಲಿಲ್ಲ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ತಿಂಗಳಿಗೆ ತಲೆಗೆ 500 ರೂಪಾಯಿ ಪ್ರತ್ಯೇಕ ಇಟ್ಟಿದ್ದೆವು. ಏಳು ತಿಂಗಳಿಗೆ 3,500. ಹೋಗಿ ಬಂದ ಮೇಲೂ 250 ಉಳಿದಿತ್ತು.

ನೀವು ಹೊರಟರೆ ಇಷ್ಟು ನೆನಪಿಡಿ

• ಮೊದಲು ಮನೆ ಹತ್ತಿರದ ನೀರಿನಲ್ಲಿ ಎರಡು ತಿಂಗಳು ಕಲಿಯಿರಿ. ಅಲ್ಲಿನ ಮೀನುಗಾರರ ಒಪ್ಪಿಗೆ ಇಲ್ಲದೆ ಗಾಳ ಬಿಡಬೇಡಿ.

• ರಾಡು ಕೊಳ್ಳೋದಿದ್ದರೆ ನಾಲ್ವರಿಗೆ ಎರಡು ಸಾಕು. ಉಪ್ಪುನೀರಿಗೆ ಹೋಗಿ ಬಂದ ದಿನವೇ ರೀಲನ್ನ ಸಿಹಿನೀರಲ್ಲಿ ತೊಳೆದು ಒಣಗಿಸಿ. ನಮ್ಮದು ಒಂದು ತುಕ್ಕು ಹಿಡಿದು ಹೋಗಿದೆ.

• ಕಾರವಾರದಲ್ಲಿ ನೌಕಾನೆಲೆ ಇದೆ. ಎಲ್ಲ ಕಡೆ ಗಾಳ ಹಾಕೋದು, ಫೋಟೊ ತೆಗೆಯೋದು ನಡೆಯಲ್ಲ. ಎಲ್ಲಿ ಕೂರಬಹುದು ಅಂತ ಊರಿನವರನ್ನ ಮೊದಲೇ ಕೇಳಿ.

• ಜೆಟ್ಟಿಯಲ್ಲಿ ಬಲೆ, ಹಗ್ಗ ಬಿಚ್ಚೋರ ಕೆಲಸಕ್ಕೆ ಅಡ್ಡ ಕೂರಬೇಡಿ. ಹರಿದ ದಾರ, ಕೊಂಡಿ ಮರಳಲ್ಲಿ ಬಿಟ್ಟು ಬರಬೇಡಿ, ಯಾರದೋ ಕಾಲಿಗೆ ಚುಚ್ಚುತ್ತೆ.

• ಲೈಫ್ ಜಾಕೆಟ್ ಇಲ್ಲದ ಬೋಟು ಎಷ್ಟೇ ಅಗ್ಗ ಇದ್ದರೂ ಬೇಡ. ಉಳಿತಾಯದ ಪಟ್ಟಿಗೆ ಇದು ಸೇರಲ್ಲ.

• ಹಸಿ ಮೀನು ಬಸ್ಸಿನಲ್ಲಿ ಊರಿಗೆ ತರೋ ಆಸೆ ಬಿಡಿ. ಒಣ ಮೀನು ತಂದರೆ ಮೂರು ಪದರ ಕಟ್ಟಿ. ನಾವು ಎರಡು ಪದರ ಕಟ್ಟಿದ್ದೆವು, ಹುಬ್ಬಳ್ಳಿವರೆಗೆ ಎಲ್ಲರೂ ನಮ್ಮನ್ನೇ ನೋಡ್ತಿದ್ದರು.

ಗುರುವಾರ ಬೆಳಿಗ್ಗೆ ಹೊರಟು ತಡರಾತ್ರಿ ಕಲಬುರಗಿ ಮುಟ್ಟಿದೆವು. ಮರುದಿನ ಸಂಜೆ ಎಂದಿನಂತೆ ಕೆರೆ ದಂಡೆ. ಮಾವನಿಗೆ ವಿಡಿಯೊ ಕಾಲ್ ಮಾಡಿ ಕೆಂಬೇರಿಯ ಫೋಟೊ ತೋರಿಸಿದೆವು. ಅವರು ಜನ್ಮದಲ್ಲಿ ಸಮುದ್ರ ನೋಡಿದವರಲ್ಲ. ಫೋಟೊವನ್ನ ಬಹಳ ಹೊತ್ತು ನೋಡಿದರು.

"ಕೆಂಪಗ ಚಂದ ಅದ" ಅಂದರು. ಆಮೇಲೆ ಕೇಳಿದರು, "ಮುಂದಿನ ಸರ್ತಿ ನಾನೂ ಬರ್ಲೇನು? ಬಸ್ ಚಾರ್ಜ್ ಎಷ್ಟು?"

ಮುಂದಿನ ನವೆಂಬರಿಗೆ ಐವರ ಲೆಕ್ಕ. ಅಷ್ಟಮಿ ಯಾವತ್ತು ಬರುತ್ತೆ ಅಂತ ತಮ್ಮ ಆಗಲೇ ನೋಡಿಟ್ಟಿದ್ದಾನೆ. ಮಾವನ ಟಿಕೆಟ್ ರೊಕ್ಕ ಈ ತಿಂಗಳಿಂದಲೇ ಡಬ್ಬಿಗೆ ಬೀಳ್ತಿದೆ, ಆ ಉಳಿದ 250ರಿಂದಲೇ ಶುರು.